ಹೊಲಿಯದೆ ಬಿಟ್ಟ ಅಂಚು

ಮೊದಲ ದಿನವೇ ವೆಸೆಲ್ ನನ್ನತ್ತ ಕೈಚಾಚಿ "ರೋಕ್!" ಎಂದ. ನಾನು ಒಂದು ಬೆರಳೆತ್ತಿ ತೋರಿಸಿದೆ. ನಮ್ಮ ಪೋಲಿಷ್ ಭಾಷೆಯಲ್ಲಿ ರೋಕ್ ಎಂದರೆ ವರ್ಷ. ನನ್ನ ಕರಾರು ಎಷ್ಟು ವರ್ಷದ್ದೆಂದು ಕೇಳುತ್ತಿದ್ದಾನೆ ಅಂದುಕೊಂಡಿದ್ದೆ. ಡಚ್ಚರಿಗೆ ರೋಕ್ ಎಂದರೆ ಲಂಗ. ಅವನಿಗೆ ಬೇಕಾಗಿದ್ದದ್ದು ನನ್ನ ಮಡಿಲಲ್ಲಿದ್ದ ಲಂಗ.

"ಒಂದೇ ಒಂದಾ? ಉಳಿದದ್ದನ್ನ ನಿಮ್ಮಜ್ಜಿ ಹೊಲೀತಾರಾ?" ವೆಸೆಲ್ ನಕ್ಕ.

ಇಸ್ತ್ರಿ ಮೇಜಿನಿಂದ ಯಾಗೊದಾ ಕೂಗಿದಳು. ಅವಳು ಕ್ರೊಯೇಷಿಯಾದವಳು, ನಮ್ಮಿಬ್ಬರಿಗಿಂತ ಹಿರಿಯಳು. "ನಮ್ಮಲ್ಲಿ ರೋಕ್ ಅಂದ್ರೆ ಗಡುವು ಕಣ್ರೋ. ಹಲ್ಲು ಕಿಸಿದಿದ್ದು ಸಾಕು, ಗುರುವಾರ ನಾಟಕ ಇದೆ!"

ಡಚ್ಚರ ಊರಾದ ಡೆವೆಂಟರ್‌ನ ಆ ನಾಟಕದ ಉಡುಪಿನ ಅಂಗಡಿಯಲ್ಲಿ ವೆಸೆಲ್ ಬಟ್ಟೆ ಕತ್ತರಿಸುತ್ತಿದ್ದ, ನಾನು ಹೊಲಿಯುತ್ತಿದ್ದೆ. ತುಟಿಯಲ್ಲಿ ಸೀಮೆಸುಣ್ಣ ಕಚ್ಚಿಕೊಂಡು ಕನ್ನಡಕದ ಮೇಲಿಂದ ನನ್ನನ್ನು ನೋಡುತ್ತಿದ್ದ. ನಾನು ತಲೆಯೆತ್ತಿದರೆ ಸಾಕು, ಬಟ್ಟೆಯಲ್ಲೇನೋ ಕಳೆದುಕೊಂಡವನಂತೆ ಹುಡುಕುತ್ತಿದ್ದ.

"ಒಟಿಲಿಯಾ, ಅದನ್ನ ಮೂರನೇ ಸಲ ಬಿಚ್ಚಿದೀಯ," ಎಂದ ಒಮ್ಮೆ.

"ನೆಟ್ಟಗಿಲ್ಲ."

"ಹೊಲಿಗೆ ನೆಟ್ಟಗಿದೆ ಕಣೇ. ನಿನಗೇ ನಿನ್ಮೇಲೆ ನಂಬಿಕೆಯಿಲ್ಲ."

ಅದು ನಿಜ. ಡಿಸೆಂಬರ್ ಬಂತು, ಕರಾರು ಮುಗಿಯಲಿತ್ತು. ಉಳಿಯುತ್ತೀಯೋ ಇಲ್ಲವೋ, ಹದಿನಾಲ್ಕರ ಬೆಳಿಗ್ಗೆ ಹೇಳು ಎಂದಳು ಅಂಗಡಿಯೊಡತಿ. ನನಗೆ ಉಳಿಯುವ ಆಸೆ. ಆದರೆ ಯಾರಿಗಾಗಿ ಉಳಿಯಬೇಕಿತ್ತೋ ಅವನ ಮನಸ್ಸು ತಿಳಿಯಬೇಕಿತ್ತು.

ಹದಿಮೂರಕ್ಕೆ ನನ್ನ ಹೆಸರಿನ ಹಬ್ಬ, ಅಂದರೆ ನನ್ನ ಹೆಸರಿನ ಸಂತಳ ದಿನ. ನಮ್ಮ ಕಡೆ ಆ ದಿನಕ್ಕೆ ಯಾರನ್ನೂ ಕರೆಯುವುದಿಲ್ಲ. ಕರೆದರೆ ಉಡುಗೊರೆ ಬೇಡಿದ ಹಾಗೆ. ನೆನಪಿಟ್ಟುಕೊಂಡವರು ತಾವಾಗಿ ಬರುತ್ತಾರೆ. ಅವನಿಗೆ ಇಷ್ಟೇ ಹೇಳಿದೆ: "ಹದಿಮೂರಕ್ಕೆ ನನ್ನ ಹಬ್ಬ. ಮೂರು ಗಂಟೆಯಿಂದಲೇ ಮೇಜಿನ ಮೇಲೆ ತಿಂಡಿ ಇಟ್ಟಿರ್ತೀನಿ."

ಅವನು ಜೇಬಿನ ಡೈರಿ ತೆಗೆದು ಪೆನ್ಸಿಲ್‌ನಲ್ಲಿ ಬರೆದುಕೊಂಡ. ಬರೆದುಕೊಂಡನಲ್ಲ ಎಂಬ ಖುಷಿಗೆ ಆ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ.

ಹೆರಿಂಗ್ ಮೀನು ನೆನೆಹಾಕಿದೆ, ಚೀಸ್ ಕೇಕ್ ಬೇಯಿಸಿದೆ, ಒಳ್ಳೆಯ ತಟ್ಟೆಗಳನ್ನೇ ಇಟ್ಟೆ. ಮೂರಾಯಿತು, ಐದಾಯಿತು. ಯಾಗೊದಾ ಬಂದಳು, ಎರಡು ತುಂಡು ತಿಂದಳು, ಮೂರನೆಯ ತಟ್ಟೆಯ ಬಗ್ಗೆ ಏನೂ ಕೇಳದೆ ಹೋದಳು. ಅವನು ಬರಲಿಲ್ಲ.

ಬೆಳಿಗ್ಗೆ ಒಡತಿಗೆ "ಇಲ್ಲ" ಎಂದೆ.

ಮಧ್ಯಾಹ್ನ ವೆಸೆಲ್ ಒಂದು ಕಾಗದದ ಪೊಟ್ಟಣ ತಂದು ನನ್ನ ಮೇಜಿನ ಮೇಲಿಟ್ಟ. ಮುಖ ಬಿಗಿದಿತ್ತು.

"ಹಬ್ಬ ಚೆನ್ನಾಗಾಯ್ತಾ?"

"ನೀನು ಬರಲಿಲ್ಲ."

"ನೀನು ಕರೀಲಿಲ್ಲ."

"ದಿನ ಹೇಳಿದ್ದೆ. ಗಂಟೆ ಹೇಳಿದ್ದೆ."

"'ಬಾ' ಅಂತ ಹೇಳಿದ್ಯಾ? ಕರೀದೇ ಇದ್ರೆ ನಾವು ಅಮ್ಮನ ಮನೆಗೂ ಹೋಗಲ್ಲ ಕಣೇ! ಎರಡು ಸಲ ನಿನ್ನ ಕಿಟಕಿ ಕೆಳಗೆ ಸೈಕಲ್ ನಿಲ್ಲಿಸಿದೆ. ಯಾಗೊದಾ ಒಳಗೆ ಹೋಗಿದ್ದು ನೋಡಿದೆ. ಅವಳನ್ನ ಕರೆದಿದಾಳೆ, ನನ್ನನ್ನಿಲ್ಲ ಅಂದ್ಕೊಂಡೆ."

"ಅವಳನ್ನೂ ಕರೆದಿರಲಿಲ್ಲ," ಎಂದೆ.

ಒಡತಿಯ ಬಳಿ ಓಡಿದೆ. ನನ್ನ ಜಾಗಕ್ಕೆ ಅಷ್ಟರಲ್ಲೇ ಬೇರೊಬ್ಬಳಿಗೆ ಮಾತು ಕೊಟ್ಟಾಗಿತ್ತು. ಅವನು ಬಾಗಿಲಲ್ಲೇ ನಿಂತಿದ್ದ. 'ಆದರೂ ಇರು' ಎನ್ನುತ್ತಾನೆಂದು ಕಾದೆ. 'ಇರಲಾ?' ಎಂದು ನಾನು ಕೇಳಲೆಂದು ಅವನೂ ಕಾದಿರಬಹುದು. ಈಗ ಹಾಗನ್ನಿಸುತ್ತದೆ.

ಪೊಟ್ಟಣದಲ್ಲಿ ನೀಲಿ ಉಣ್ಣೆಯ ಲಂಗವಿತ್ತು. ಕೆಳಗಿನ ಅಂಚಿಗೆ ಬರೀ ಬಿಳಿ ದಾರದ ಕಚ್ಚಾ ಹೊಲಿಗೆ.

"ಉದ್ದ ಅಳೆಯೋಕೆ ನೀನು ನಿಂತ್ಕೋಬೇಕಲ್ಲ," ಎಂದ. "ಕರೆದಿದ್ರೆ ನಿನ್ನೆನೇ ನಿಲ್ಲಿಸ್ತಿದ್ದೆ."

ಊರಿಗೆ ಬಂದ ಮೇಲೂ ಅದನ್ನು ಹಾಗೆಯೇ ತೂಗುಹಾಕಿದ್ದೆ. ಮರುವರ್ಷ, ಈ ಸಲ ತಪ್ಪು ಮಾಡಬಾರದೆಂದು ಹಬ್ಬಕ್ಕೆ ತಿಂಗಳು ಮೊದಲೇ ವೆಸೆಲ್‌ಗೆ ಕಾಗದ ಬರೆದೆ. ನಾಲ್ಕು ಸಲ ಹರಿದು ಐದನೆಯದನ್ನು ಅಂಚೆಗೆ ಹಾಕಿದೆ: ಹದಿಮೂರಕ್ಕೆ, ಮೂರು ಗಂಟೆಗೆ, ಬಾ.

ಉತ್ತರ ಬೇಗನೆ ಬಂತು. ಪೆನ್ನಿನಲ್ಲಿ ಬರೆದಿದ್ದ. "ಕರೆದದ್ದಕ್ಕೆ ತುಂಬಾ ಸಂತೋಷ, ಒಟಿಲಿಯಾ. ಆದರೆ ಆ ದಿನ ನಾವು ಊರಲ್ಲಿರುವುದಿಲ್ಲ."

ನಾವು. ಎಷ್ಟು ತಿರುಗಿಸಿ ಓದಿದರೂ ಅದಕ್ಕೆ ಬೇರೆ ಅರ್ಥ ಸಿಗಲಿಲ್ಲ.

ಲಂಗ ತೊಟ್ಟು ಕನ್ನಡಿಯ ಮುಂದೆ ನಿಂತೆ. ಒಬ್ಬಳೇ ಬಗ್ಗಿ ಗುರುತು ಹಾಕಿಕೊಂಡರೆ ಅಂಚು ಎಲ್ಲೋ ಒಂದು ಕಡೆ ಸೊಟ್ಟಗಾಗುತ್ತದೆ. ಹೊಲಿದೆ, ಸೊಟ್ಟಗೇ ಆಯಿತು. ಈ ಸಲ ಬಿಚ್ಚಲಿಲ್ಲ.