ಅಮ್ಮನಿದ್ದ ಫೋನು

“ಚಿಕ್ಕಮ್ಮಾ... ನಮ್ಮಮ್ಮ ಎಲ್ಲಿ?”

ಬೆನ್ನಿನ ಮೇಲಿನ ಶಾಲೆಯ ಚೀಲವನ್ನೂ ಇಳಿಸದೆ ಚಿನ್ನಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಒಂಬತ್ತು ವರ್ಷದ ಹುಡುಗಿ ಕೈಯಲ್ಲಿದ್ದ ಫೋನನ್ನು ಚಿಕ್ಕಮ್ಮನ ಕಡೆ ತಿರುಗಿಸಿದಳು. ಫೋಟೋಗಳು ಒತ್ತೊತ್ತಾಗಿ ಇರಬೇಕಾಗಿದ್ದ ಕಡೆ ಯಾರದೋ ಮನೆಯ ಎರಡು ಕಿಟಕಿಗಳ ಚಿತ್ರ. ಅದರ ಕೆಳಗೆ ಬರೀ ಬಿಳಿ...

“ಅಮ್ಮನ ವಿಡಿಯೋ ಒಂದೂ ಇಲ್ಲ! ಯಾರು ಅಳಿಸಿದ್ದು? ಹೇಳು ಚಿಕ್ಕಮ್ಮಾ, ಯಾರು?”

ತರಕಾರಿ ಹೆಚ್ಚುತ್ತಿದ್ದ ಚಿಕ್ಕಮ್ಮನ ಕೈ ನಿಂತಿತು. ಒಳಕೋಣೆಯಲ್ಲಿ ಅಜ್ಜಿ ಸುಮ್ಮನೆ ಕೆಮ್ಮಿದರು. ಆಗಷ್ಟೇ ಕೆಲಸದಿಂದ ಬಂದ ಅಪ್ಪ ಒಂದು ಚಪ್ಪಲಿ ಬಿಟ್ಟು, ಇನ್ನೊಂದನ್ನು ಬಿಡಲು ಮರೆತವನಂತೆ ಹೊಸಿಲ ಬಳಿ ನಿಂತುಬಿಟ್ಟ. ಅವನ ಮುಖದ ಬಣ್ಣ ಇಳಿದುಹೋಗಿತ್ತು.

ಚಿಕ್ಕಮ್ಮ ಆ ಮುಖವನ್ನು ನೋಡಿದಳು. ಆಮೇಲೆ ಮಗುವಿನ ಮುಖವನ್ನು ನೋಡಿದಳು.

“ನಾನೇ,” ಎಂದಳು. “ನಾನೇ ಅಳಿಸಿದೆ ಚಿನ್ನಿ. ಫೋನಲ್ಲಿ ಜಾಗ ಇರ್ಲಿಲ್ಲ.”

ಚಿನ್ನಿ ಕಿರುಚಲಿಲ್ಲ. ಫೋನನ್ನು ಮೆಲ್ಲಗೆ ನೆಲದ ಮೇಲಿಟ್ಟಳು. “ನೀನು ನಮ್ಮನೆಗೆ ಯಾಕಾದ್ರೂ ಬಂದೆ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ಹೋದಳು.

ಚಿಕ್ಕಮ್ಮ ಮತ್ತೆ ತರಕಾರಿ ಹೆಚ್ಚತೊಡಗಿದಳು. ಅಳು ಬರಬೇಕಾಗಿತ್ತು. ಬರಲಿಲ್ಲ. ಮೈಯೆಲ್ಲ ಮರಗಟ್ಟಿದ ಹಾಗೆ... ಬೆರಳಿಗೆ ಕತ್ತಿ ತಾಗಿದ್ದು, ತುಂಡುಗಳೆಲ್ಲ ಕೆಂಪಾದ ಮೇಲೆಯೇ ಅವಳಿಗೆ ತಿಳಿದದ್ದು.

ಆ ಫೋನು ಮೊದಲು ಅವಳದಾಗಿರಲಿಲ್ಲ. ಗಂಡ ಕಿಟಕಿಗಳಿಗೆ ಗಾಜು ಹಾಕುವ ಕೆಲಸದವನು. ಮೊದಲ ಹೆಂಡತಿ ಕಾಯಿಲೆಯಿಂದ ತೀರಿಕೊಂಡ ಮೇಲೆ ಇವಳನ್ನು ಮದುವೆಯಾಗಿದ್ದ. ಮದುವೆಯ ಮಾರನೆಯ ದಿನ ಸತ್ತವಳ ಫೋನನ್ನು ಇವಳ ಕೈಗಿಟ್ಟು, “ಇಟ್ಕೋ. ಚೆನ್ನಾಗೇ ಇದೆ,” ಎಂದಿದ್ದ. ತೆರೆದು ನೋಡಿದರೆ ಅದರ ತುಂಬ ಇನ್ನೊಬ್ಬಳ ಸಂಸಾರ! ತೊಟ್ಟಿಲಲ್ಲಿ ಚಿನ್ನಿ, ಚಿನ್ನಿಯ ಮೊದಲ ಹಲ್ಲು, ಕನ್ನಡಿಯ ಮುಂದೆ ಅವಳು, ಗಂಡನ ತೋಳಿಗೆ ಜೋತುಬಿದ್ದ ಅವಳು... ಒಂದು ಫೋಟೋ ತೆಗೆಯಹೋದರೂ ‘ಜಾಗ ಸಾಲದು’ ಎಂದು ಫೋನು ಹಟ ಹಿಡಿಯುತ್ತಿತ್ತು. ಆಗೆಲ್ಲ ಇವಳು ತನ್ನದನ್ನೇ ಅಳಿಸುತ್ತಿದ್ದಳು. ತವರಿನವರ ಫೋಟೋ ಹೋಯಿತು, ತಂಗಿಯ ಮದುವೆಯ ವಿಡಿಯೋ ಹೋಯಿತು, ಕೇಳುತ್ತಿದ್ದ ಹಾಡುಗಳು ಹೋದವು. ಸತ್ತವಳ ಒಂದೇ ಒಂದು ಚಿತ್ರಕ್ಕೂ ಕೈ ಹಚ್ಚಲಿಲ್ಲ. ದೊಡ್ಡ ಮನಸ್ಸು ಎಂದೇನಲ್ಲ. ಬೇರೆಯವರ ಪೆಟ್ಟಿಗೆಗೆ ಕೈ ಹಾಕಿದಂತೆ ಅಂಜಿಕೆ, ಅಷ್ಟೇ. ಆದರೆ ನೋಡುತ್ತಿದ್ದಳು. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಒಂದೊಂದನ್ನೇ ನೋಡುತ್ತಿದ್ದಳು. ಮೊದಮೊದಲು ಹೊಟ್ಟೆಕಿಚ್ಚಿನಿಂದ, ಬರಬರುತ್ತ, ಪಕ್ಕದ ಮನೆಯವಳು ಏನು ಮಾಡುತ್ತಿದ್ದಾಳೆ ಎಂದು ಇಣುಕುವ ಹಾಗೆ.

ಮನೆಯಲ್ಲಿ ಸತ್ತವಳ ಮಾತನ್ನು ಯಾರೂ ಎತ್ತುವಂತಿರಲಿಲ್ಲ. ಚಿನ್ನಿ ಕೇಳಿದರೆ ಅಪ್ಪ ತಲೆ ತಗ್ಗಿಸುತ್ತಿದ್ದ. ಅಜ್ಜಿ, “ಹೋದವರ ಮಾತು ಯಾಕೆ? ಉಣ್ಣು,” ಎನ್ನುತ್ತಿದ್ದರು. ಅಜ್ಜಿಗೆ ಇವಳೂ ಇನ್ನೂ ‘ಹೊಸಬಳು’. ಮದುವೆಯಾಗಿ ಎರಡು ವರ್ಷ ಕಳೆದರೂ “ಏ ಹೊಸಬಳೇ, ನೀರು ತಾ” ಎಂದೇ ಕೂಗು. ಹಾಗಾಗಿ ಮಗುವಿಗೆ ಅಮ್ಮ ಉಳಿದದ್ದು ಆ ಫೋನಿನಲ್ಲಿ ಮಾತ್ರ. ಶಾಲೆಯಿಂದ ಬಂದವಳೇ ಅದನ್ನು ಕಸಿದುಕೊಂಡು, ಚಿಕ್ಕಮ್ಮ ಹೊಲಿಯಲು ತಂದ ಪರದೆ ಬಟ್ಟೆಗಳ ರಾಶಿಯ ಹಿಂದೆ ಕೂತುಬಿಡುತ್ತಿದ್ದಳು.

ತೊಂದರೆ ಶುರುವಾದದ್ದೂ ಆ ಪರದೆಗಳಿಂದಲೇ. ಹೊಲಿಗೆ ಕೊಡುತ್ತಿದ್ದ ಪರದೆ ಅಂಗಡಿಯಾಕೆ ಕಿಟಕಿಗಳ ಚಿತ್ರ, ಅಳತೆ ಎಲ್ಲವನ್ನೂ ಫೋನಿಗೆ ಕಳಿಸುತ್ತಿದ್ದಳು. ತುಂಬಿದ ಫೋನಿನಲ್ಲಿ ಅವು ತೆರೆಯುತ್ತಿರಲಿಲ್ಲ. ಬಾಯಲ್ಲಿ ಹೇಳಿದ್ದನ್ನು ನಂಬಿ ಹೊಲಿದ ಪರದೆಯೊಂದು ಗೇಣುದ್ದ ಗಿಡ್ಡವಾಯಿತು.

“ಕಿಟಕಿ ಮೊಣಕಾಲು ತೋರಿಸ್ತಾ ನಿಂತಿದೆ ಕಣಮ್ಮ! ಮೊದಲು ಆ ಫೋನ್ ಸರಿ ಮಾಡಿಸ್ಕೋ. ಇಲ್ಲಾಂದ್ರೆ ನಾನು ಬೇರೆಯವರನ್ನ ನೋಡ್ಕೋತೀನಿ,” ಎಂದಳು ಅಂಗಡಿಯಾಕೆ.

ಚಿಕ್ಕಮ್ಮ ಫೋನು ರಿಪೇರಿಯವನ ಬಳಿಗೆ ಹೋದಳು. ಅವನು ತಿರುಗಿಸಿ ನೋಡಿ, “ಇದಕ್ಕೆ ಮೆಮೊರಿ ಕಾರ್ಡ್ ಹಾಕೋಕಾಗಲ್ಲ ಅಕ್ಕ. ಭಾನುವಾರ ತನ್ನಿ. ಎಲ್ಲಾ ಪೆನ್‌ಡ್ರೈವ್‌ಗೆ ಹಾಕಿಕೊಡ್ತೀನಿ, ಒಂದೂ ಹಾಳಾಗಲ್ಲ. ಆಮೇಲೆ ಫೋನ್ ಖಾಲಿ ಮಾಡೋಣ,” ಎಂದ. ಅವಳಿಗೆ ಹೋದ ಜೀವ ಬಂದಂತಾಯಿತು. ಆದರೆ ಮನೆಯಲ್ಲಿ ಹೇಳಲಿಲ್ಲ. ಹೇಗೆ ಹೇಳುವುದು? ಸತ್ತವಳ ಹೆಸರೆತ್ತದ ಮನೆಯಲ್ಲಿ ಅವಳ ಚಿತ್ರಗಳ ಮಾತನ್ನು ತಾನು ಎತ್ತುವುದೇ?

ಆ ಭಾನುವಾರ ಬರುವ ಮೊದಲೇ ಎಲ್ಲ ಮುಗಿದುಹೋಯಿತು. ಒಂದು ಸಂಜೆ ಅವಳು ಒಣಗಿದ ಬಟ್ಟೆ ತೆಗೆದುಕೊಂಡು ಒಳಗೆ ಬಂದಾಗ ಅಜ್ಜಿ ಮಗನೆದುರು ಕೂತು ಹೇಳುತ್ತಿದ್ದರು: “ಮಗು ಅದನ್ನೇ ನೋಡಿ ನೋಡಿ ಕೊರಗ್ತಿದೆ. ಇವಳ ಕೆಲಸಾನೂ ಹೋಗೋ ಹಾಗಿದೆ. ಎಷ್ಟು ದಿನ ಅಂತ ಆ ಚಿತ್ರಗಳನ್ನ ಕಟ್ಕೊಂಡಿರ್ತೀಯೋ?” ಫೋನು ಗಂಡನ ಕೈಯಲ್ಲಿತ್ತು. ಅವನು ತಲೆಯೆತ್ತದೆ, ಪರರ ಮನೆಯ ಸುದ್ದಿ ಹೇಳುವವನಂತೆ ಹೆಂಡತಿಗೆ ಹೇಳಿದ: “ಜಾಗ ಮಾಡಿದೀನಿ. ಫೋನಿನ ಕಸದ ಬುಟ್ಟೀಲಿ ಉಳಿದಿದ್ದನ್ನೂ ತೆಗೆದೆ. ಇನ್ನು ನಿನ್ನ ಕೆಲಸಕ್ಕೆ ತೊಂದ್ರೆ ಇಲ್ಲ.”

“ರೀ...!”

ಅಷ್ಟೇ ಅವಳ ಬಾಯಿಂದ ಬಂದದ್ದು. ಬೆಳಗಾಗುತ್ತಲೇ ರಿಪೇರಿಯವನ ಬಳಿಗೆ ಓಡಿದಳು. ಅವನು ಬಹಳ ಹೊತ್ತು ಒದ್ದಾಡಿ ತಲೆಯಾಡಿಸಿದ. “ಬುಟ್ಟೀಲಾದ್ರೂ ಇದ್ದಿದ್ರೆ ತೆಗೀಬಹುದಿತ್ತು ಅಕ್ಕ. ಇನ್ನು ಬರಲ್ಲ.”

ಅದೇ ದಿನ ಸಂಜೆ ಚಿನ್ನಿ ಫೋನು ತೆರೆದದ್ದು. ಚಿಕ್ಕಮ್ಮ “ನಾನೇ” ಎಂದದ್ದು.

ಆಮೇಲೆ ಫೋನು ಹಗುರಾಗಿ ಓಡುತ್ತಿತ್ತು. ಕಿಟಕಿಗಳ ಚಿತ್ರಗಳು ಕೂಡಲೇ ತೆರೆದುಕೊಳ್ಳುತ್ತಿದ್ದವು. ಪರದೆಗಳು ಅಳತೆಗೆ ಸರಿಯಾಗಿ ಬಂದವು. ಅಂಗಡಿಯಾಕೆ ಹೊಗಳಿದಳು. ಚಿಕ್ಕಮ್ಮನಿಗೆ ಏನೂ ಅನ್ನಿಸಲಿಲ್ಲ. ಚಿನ್ನಿ ಅವಳ ಕೈಯಿಂದ ತಟ್ಟೆ ತೆಗೆದುಕೊಳ್ಳುತ್ತಿರಲಿಲ್ಲ. ನೆಲದ ಮೇಲಿಟ್ಟರೆ ಎಳೆದುಕೊಳ್ಳುತ್ತಿದ್ದಳು. ಗಂಡ ಹೆಂಡತಿಯ ಕಣ್ಣು ತಪ್ಪಿಸಿ ಓಡಾಡುತ್ತಿದ್ದ.

ಒಂದು ಮುಂಜಾನೆ ಅಜ್ಜಿ ಅಡುಗೆಮನೆಗೆ ಬಂದು ನಿಂತರು. “ನಿಜ ಹೇಳಬಹುದಿತ್ತಲ್ಲ? ಯಾಕೆ ಮೈಮೇಲೆ ಹಾಕ್ಕೊಂಡೆ?”

“ಅಮ್ಮ ಇಲ್ಲ. ಅಪ್ಪನೂ ಕೈ ಬಿಟ್ಟ ಅನ್ನಿಸಿದ್ರೆ ಮಗು ಯಾರ ಮುಖ ನೋಡ್ಬೇಕು ಅತ್ತೆ? ನಾನಂತೂ ಹೊಸಬಳೇ. ನನ್ನ ಮೇಲಿನ ಸಿಟ್ಟು ಅದಕ್ಕೆ ಅಭ್ಯಾಸ.”

ಅಜ್ಜಿ ಹಾಗೇ ಗೋಡೆ ಹಿಡಿದು ಒಳಗೆ ಹೋದರು.

ಶಾಲೆಗೆ ರಜೆಯಿದ್ದ ಒಂದು ಮಧ್ಯಾಹ್ನ ಚಿಕ್ಕಮ್ಮ ಪರದೆಗೆ ಅಂಚು ಮಡಿಸುತ್ತಿದ್ದಳು. ಬಟ್ಟೆಯ ರಾಶಿಯ ಹಿಂದಿನಿಂದ ಒಣಗಿದ ದನಿಯೊಂದು ಕೇಳಿತು.

“ನೀನು... ಅಳಿಸೋಕೆ ಮುಂಚೆ ನೋಡಿದ್ಯಾ?”

“ನೋಡಿದ್ದೆ.”

“ಎಲ್ಲಾನೂ?”

“ಎಲ್ಲಾನೂ.”

“ಅಮ್ಮ ನಗೋದು ನಂಗೆ ಮರೆತುಹೋಗ್ತಾ ಇದೆ,” ಎಂದಳು ಚಿನ್ನಿ. ಅಳುತ್ತಿರಲಿಲ್ಲ. ಪೆನ್ಸಿಲ್ ಕಳೆದುಹೋಯಿತು ಎಂದ ಹಾಗೆ ಹೇಳಿದಳು.

ಚಿಕ್ಕಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. “ನಿಮ್ಮಮ್ಮ ನಗುವಾಗ ಮೊದಲು ಸದ್ದೇ ಬರಲ್ಲ. ಭುಜ ಮಾತ್ರ ಕುಣಿಯುತ್ತೆ. ಆಮೇಲೆ ಒಂದೇ ಸಲ ಗೊರ್ ಅನ್ನುತ್ತೆ.”

“ಗೊರ್ ಅನ್ನಲ್ಲ!”

“ಅನ್ನುತ್ತೆ ಕಣೆ. ಆಮೇಲೆ ತಾನೇ ನಾಚಿ ಬಾಯಿ ಮುಚ್ಕೋತಾರೆ. ಒಂದು ವಿಡಿಯೋದಲ್ಲಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಿದ್ದಾರೆ. ಮೈಯೆಲ್ಲಾ ಒದ್ದೆ. ‘ತೆಗೀಬೇಡ್ರೀ, ತೆಗೀಬೇಡ್ರೀ’ ಅಂತ ಬೆರಳು ತೋರಿಸ್ಕೊಂಡು ನಗ್ತಾರೆ...”

“ಯಾಕೆ ನಗ್ತಿದ್ಲು?”

“ಅದು ಗೊತ್ತಿಲ್ಲ ಮಗಾ. ಅದಕ್ಕೆ ಮುಂಚಿನದು ವಿಡಿಯೋದಲ್ಲಿ ಇರ್ಲಿಲ್ಲ.”

“ನಲ್ಲಿ ಕಿತ್ತು ಬಂದಿತ್ತು.”

ಇಬ್ಬರೂ ತಿರುಗಿ ನೋಡಿದರು. ಅಪ್ಪ ಬಾಗಿಲಲ್ಲಿ ನಿಂತಿದ್ದ.

“ರಿಪೇರಿಯವರು ಯಾಕೆ, ನಾನೇ ಸರಿ ಮಾಡ್ತೀನಿ ಅಂತ ಜಂಬ ಕೊಚ್ಚಿಕೊಂಡು ತಿರುಗಿಸಿದೆ. ನಲ್ಲಿ ಕೈಗೇ ಬಂತು. ನೀರೆಲ್ಲಾ ಅವಳ ಮುಖಕ್ಕೆ! ‘ಗಾಜು ಹಾಕೋರು ನಲ್ಲಿಗೆ ಕೈ ಹಾಕಿದ್ರೆ ಹೀಗೇ ಆಗೋದು’ ಅಂತ ನಕ್ಕಳು...” ಅವನು ಕುಸಿದು ಪರದೆಗಳ ನಡುವೆ ಕೂತ. “ಅಳಿಸಿದ್ದು ನಾನು ಚಿನ್ನಿ. ಚಿಕ್ಕಮ್ಮ ಅಲ್ಲ. ನನ್ನ ಕೈಯಲ್ಲಿ ನೋಡೋಕೂ ಆಗ್ತಿರ್ಲಿಲ್ಲ, ಅದು ಇದೆ ಅನ್ನೋದನ್ನ ತಡ್ಕೊಳ್ಳೋಕೂ ಆಗ್ತಿರ್ಲಿಲ್ಲ...”

ಚಿನ್ನಿ ಅಪ್ಪನನ್ನು ನೋಡಿದಳು. ಚಿಕ್ಕಮ್ಮನನ್ನು ನೋಡಿದಳು. ಸಿಟ್ಟು ಮಾಡಲಿಲ್ಲ, ಅಳಲಿಲ್ಲ. ರಾಶಿಯ ಹಿಂದಿನಿಂದ ಮೆಲ್ಲಗೆ ಸರಿದು, ಚಿಕ್ಕಮ್ಮನ ಮಗ್ಗುಲಿಗೆ ತಾಗಿಯೂ ತಾಗದಂತೆ ಕೂತಳು.

“ನಲ್ಲಿ ಕಿತ್ತು ಬಂತು,” ಎಂದಳು. “ಆಮೇಲೆ?”

ಅಪ್ಪ ಬಾಯಿ ತೆರೆಯುವ ಮೊದಲೇ ಒಳಕೋಣೆಯ ಕತ್ತಲೆಯಿಂದ ಅಜ್ಜಿಯ ದನಿ ಬಂತು.

“ಆಮೇಲೇನು? ನೀರು ನನ್ನ ಹಾಸಿಗೆವರೆಗೂ ಹರಿದಿತ್ತು. ಆ ಹುಡುಗಿ ತನ್ನ ಸೆರಗನ್ನೇ ಹಾಸಿ ಒರೆಸಿದ್ಲು...”