ಮಧುನಾಶಿನಿ ತಿಂದ ಅತ್ತೆ

"ಥೂ... ಮಣ್ಣು! ನಟರಾಜ, ನಿನ್ನೆಂಡ್ತಿ ನಂಗೆ ಮಣ್ಣು ತಿನ್ನಿಸ್ತಾವ್ಳೆ ಕಣೋ!"

ಲಕ್ಕಮ್ಮ ಬಾಯಲ್ಲಿದ್ದ ಸಕ್ಕರೆಯನ್ನೆಲ್ಲ ಸೊಸೆಯ ಸೆರಗಿನ ಮೇಲೆ ಉಗಿದುಬಿಟ್ಟರು. ಮೈಯೆಲ್ಲ ಬೆವರು, ಕೈಕಾಲು ಗಡಗಡ ನಡುಗುತ್ತಿದ್ದವು. ಸೊಸೆ ಲತಾಮಣಿ ಅಳುತ್ತಲೇ ಮತ್ತೆ ಚಮಚ ತುಂಬಿದಳು. ಅರಸೀಕೆರೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಮೇಡಂ ಅವಳು. ಸಕ್ಕರೆ ಕಾಯಿಲೆಗೆ, ಅದರಿಂದಾಗುವ ಮಾಯದ ಹುಣ್ಣಿಗೆ ಮಧುನಾಶಿನಿ ಎಲೆಯ ಸಾರದಲ್ಲಿ ಮದ್ದು ಸಿಕ್ಕೀತೇ ಎಂದು ಸಂಶೋಧನೆ ನಡೆಸಿದ್ದಳು. ಸಕ್ಕರೆ ಕಾಯಿಲೆಯ ಅತ್ತೆಯ ಕಾಲ್ಬೆರಳಲ್ಲೂ ಅಂಥದೇ ಹುಣ್ಣಿತ್ತು. ಆದರೂ, "ಮದ್ದಿನ ಪರೀಕ್ಷೆ ಮುಗೀಲಿ ಅತ್ತೆ, ಅಲ್ಲೀವರೆಗೂ ಡಾಕ್ಟರ ಮಾತ್ರೇನೇ ನುಂಗಿ" ಎಂದು ಎಲೆ ಮುಟ್ಟಗೊಡುತ್ತಿರಲಿಲ್ಲ.

ಲಕ್ಕಮ್ಮನ ಅನುಮಾನಕ್ಕೆ ಮಾತ್ರ ಯಾವ ಮದ್ದೂ ಇರಲಿಲ್ಲ! "ಊರೋರ್ಗೆಲ್ಲ ಔಸ್ದಿ ಮಾಡ್ತಾಳೆ, ನಾನು ಸಾಯ್ಲಿ ಅಂತ ಬಚ್ಚಿಡ್ತಾಳೆ" ಎಂದು ಬೀದಿಗೆಲ್ಲ ಸಾರಿದ್ದರು. ಅಂದು ಶನಿವಾರ, ಅವರಿಗೆ ಒಪ್ಪತ್ತು. ಬರೀ ಹೊಟ್ಟೆಯಲ್ಲಿ ಮಾತ್ರೆ ನುಂಗಿದ್ದಲ್ಲದೆ, ತಾರಸಿಯಲ್ಲಿ ಒಣಹಾಕಿದ್ದ ಎಲೆಯನ್ನು ಕದ್ದು ಹಿಡಿಗಟ್ಟಲೆ ಅಗಿದಿದ್ದರು. ರಕ್ತದ ಸಕ್ಕರೆ ಪಾತಾಳಕ್ಕಿಳಿಯಿತು. ಆ ಎಲೆ ಅಗಿದ ನಾಲಿಗೆಗೋ ಸ್ವಲ್ಪ ಹೊತ್ತು ಸಿಹಿಯೇ ತಿಳಿಯದು, ಸಕ್ಕರೆ ಮರಳಾಗುತ್ತದೆ. ತುಟಿಗಂಟಿದ ಹಸಿರು ಚೂರು ಕಂಡೊಡನೆ ಲತಾಮಣಿಗೆ ಎಲ್ಲ ಅರ್ಥವಾಗಿತ್ತು.

ನಟರಾಜ್ ಚಮಚ ಕಿತ್ತುಕೊಂಡು ತಾನೇ ಬಾಯಿಗಿಟ್ಟ. "ಅವ್ವಾ, ಸಕ್ರೇನೇ ಕಣವ್ವ!"

"ನೀನೂ ಅವಳ ಕಡೇನೇ ಏನ್ಲಾ..." ಲಕ್ಕಮ್ಮನ ಕಣ್ಣು ತೇಲತೊಡಗಿತು. ಹಲ್ಲು ಬಿಗಿದುಕೊಂಡರು.

ಲತಾಮಣಿ ಅವರ ತಲೆಯನ್ನು ಮಡಿಲಿಗೆಳೆದುಕೊಂಡಳು. "ಎಲೆ ತಿಂದು ನಿಮ್ಮ ನಾಲಿಗೆ ಸತ್ತಿದೆ ಅತ್ತೆ! ಅದರ ಮಾತು ಕೇಳ್ಬೇಡಿ... ಇದೊಂದು ಸಲ ನನ್ನ ಮಾತು ಕೇಳಿ. ಆಮೇಲೆ ಬೇಕಾದ್ರೆ ಮನೆಯಿಂದಾನೇ ಓಡಿಸಿ... ನುಂಗಿ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ!"

ಸೊಸೆಯ ಕಣ್ಣೀರು ಲಕ್ಕಮ್ಮನ ಕೆನ್ನೆಯ ಮೇಲೆ ತೊಟ್ಟಿಕ್ಕಿತು. ಅವರು ಅವಳ ಮುಖವನ್ನೇ ನೋಡಿದರು... ಮೆಲ್ಲಗೆ ಬಾಯಿ ತೆರೆದರು. ಮಣ್ಣೆಂದೇ ತಿಳಿದು ನುಂಗಿದರು.

ಆಟೋ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬೆವರು ಆರಿತ್ತು. "ತಡ ಮಾಡಿದ್ದರೆ ಕಷ್ಟವಿತ್ತು" ಎಂದರು ಡಾಕ್ಟರು.

ಸಂಜೆ ಲತಾಮಣಿ ಗಂಜಿ ತಂದಾಗ ಲಕ್ಕಮ್ಮ ಅವಳ ಕೈಯನ್ನು ಕಣ್ಣಿಗೊತ್ತಿಕೊಂಡು ಬಿಕ್ಕಿದರು. "ಜೀವ ಉಳಿಸ್ದೆ ತಾಯಿ... ಎಂಥ ಮಾತೆಲ್ಲ ಆಡಿದ್ನಲ್ಲ ನಿಂಗೆ!"

"ಆ ಎಲೆ ಇನ್ನು ಮುಟ್ಟಬೇಡಿ ಅತ್ತೆ, ಅಷ್ಟು ಸಾಕು ನಂಗೆ."

"ಮುಟ್ಟಾಕಿಲ್ಲ. ನಿನ್ ಪರೀಕ್ಸೆ ಮುಗ್ದು, ನಿನ್ ಕೈಯಾರೆ ಕೊಟ್ಟಾಗ ತಿಂತೀನಿ. ಅಲ್ಲೀಗಂಟ ಬದುಕಿರ್ತೀನಿ ಮಗ."

ಗಂಜಿಯಲ್ಲಿ ಏನು ಹಾಕಿದ್ದಾಳೆಂದು ಕೇಳದೆ ಲಕ್ಕಮ್ಮ ಬಾಯಿ ತೆರೆದರು.