ಮನೆಯವರ ಮೊಣಕೈ ಎತ್ತರ

"ಏನ್ ಮಾಡ್ತಿದೀರಿ ನೀವು?"

ಅವಳು ಓಡಿ ಬಂದು ಅವನ ಮಣಿಕಟ್ಟನ್ನೇ ಹಿಡಿದುಬಿಟ್ಟಳು. ಅವನ ಬೆರಳುಗಳ ನಡುವೆ ಅರ್ಧ ನಿಂಬೆಹಣ್ಣು. ಷೋರೂಮಿನ ಗೋಡೆಗೆ ಒರಗಿಸಿದ್ದ ಬಿಳಿ ಅಮೃತಶಿಲೆಯ ಮೇಲೆ ಹುಳಿ ರಸ ನಿಧಾನವಾಗಿ ಕೆಳಗಿಳಿಯುತ್ತಿತ್ತು.

"ಪರೀಕ್ಷೆ ಮಾಡ್ತಿದೀನಿ," ಎಂದ ಅವನು. ತಪ್ಪು ಮಾಡಿದವನ ದನಿಯೇ ಅಲ್ಲ.

"ಹುಳಿ ಬಿದ್ರೆ ಈ ಕಲ್ಲಿನ ಹೊಳಪು ಹೋಗುತ್ತೆ. ಕಲೆ ಹಾಗೇ ಉಳಿಯುತ್ತೆ. ಗೊತ್ತಾ ನಿಮಗೆ?"

"ಅದನ್ನ ತಿಳ್ಕೊಳ್ಳೋಕೇ ಕಳಿಸಿರೋದು ನಮ್ಮನೆಯವರು. ಒಲೆ ಹಿಂದಿನ ಗೋಡೆಗೆ ಹಾಕೋ ಕಲ್ಲು, ನಿಂಬೆಹಣ್ಣು ಹಿಂಡಿ ನೋಡದೆ ತರೋದು ಬೇಡ ಅಂದಿದಾರೆ."

ಮನೆಯವರು...

ಅವಳ ಹಿಡಿತ ತಾನಾಗಿಯೇ ಸಡಿಲವಾಯಿತು. ಅಷ್ಟು ಹೊತ್ತೂ ಅವನ ಕೈ ಹಿಡಿದುಕೊಂಡೇ ಇದ್ದೆ ಎಂಬುದು ಅವಳಿಗೆ ಆಗಲೇ ಅರಿವಾದದ್ದು.

"ಕಲೆ ಆಯ್ತಲ್ಲ, ಈ ಕಲ್ಲನ್ನ ನಾನೇ ತಗೋಬೇಕಾ?" ಎಂದು ಕೇಳಿ ಅವನು ನಕ್ಕ. ಕಣ್ಣಿನಿಂದ ಶುರುವಾಗುವ ನಗು ಅದು.

'ಅಯ್ಯೋ... ಮದುವೆಯಾದವನು ಯಾಕೆ ಇಷ್ಟು ಚೆನ್ನಾಗಿ ನಗಬೇಕು?'

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. "ಹೇಳಿ ಯಜಮಾನ್ರೇ... ಊಟ ಆಯ್ತಾ? ಮಾತ್ರೆ ತಗೊಳ್ಳೋದು ಮರೀಬೇಡಿ. ಸಂಜೆ ಬೇಗ ಬರ್ತೀನಿ, ಕೂತು ಮಾತಾಡೋಣ."

ಯಜಮಾನರು ಎಂದರೆ ಆ ಷೋರೂಮಿನ ಮಾಲೀಕರು. ಸಕ್ಕರೆ ಕಾಯಿಲೆಯ ಮುಂಗೋಪಿ ಮುದುಕರು, ಇಡೀ ದಿನ ಗೋಡೌನಿನಲ್ಲಿ ಕೂತು ಫೋನಿನಲ್ಲೇ ಗದರುವವರು. ಅಲ್ಲಿ ಕೆಲಸ ಮಾಡುವವರೆಲ್ಲ ಅವರನ್ನು ಕರೆಯುವುದೇ ಹಾಗೆ. ಅದು ಅವನಿಗೆ ಹೇಗೆ ಗೊತ್ತಾಗಬೇಕು? ಅಲ್ಲಿನ ಡಿಸೈನರಾಗಿ ಕಲ್ಲಿನ ಧೂಳಿನಲ್ಲಿ ಓಡಾಡುವ ಅವಳು ಕೈಗೆ, ಕೊರಳಿಗೆ ಏನನ್ನೂ ಹಾಕಿಕೊಳ್ಳುವವಳಲ್ಲ, ನೋಡಿ ತಿಳಿಯಲು. ಅವನೋ ಊರಿನವರ ಕಣ್ಣೆಲ್ಲ ಪರೀಕ್ಷೆ ಮಾಡಿ ಕನ್ನಡಕ ಕೊಡುವ ಅಂಗಡಿಯವನು. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಹಾಗಾಯಿತು. ಮಾತ್ರೆ ಮರೀಬೇಡಿ ಎನ್ನುವ ಆ ಮೆತ್ತನೆಯ ದನಿ ಕೇಳಿದವನೇ, ಗಂಡ ಎಂದು ತೀರ್ಮಾನ ಮಾಡಿಬಿಟ್ಟ.

ಅವನ ನಗು ಸ್ವಲ್ಪ ಕಡಿಮೆಯಾದದ್ದನ್ನು ಅವಳು ಗಮನಿಸಲಿಲ್ಲ. ತನ್ನ ಮುಖ ಬಾಡಿದ್ದನ್ನು ಮುಚ್ಚಿಕೊಳ್ಳುವುದರಲ್ಲೇ ಅವಳಿಗೆ ಸಾಕಾಗಿತ್ತು.

* * *

ಅವನ ಮನೆಯ ಹಳೆಯ ಅಡುಗೆಮನೆ ಇಕ್ಕಟ್ಟಾಗಿತ್ತು, ಕಟ್ಟೆ ತೀರ ಎತ್ತರವಿತ್ತು. ಅವಳು ಟೇಪು ಹಿಡಿದು ಗೋಡೆ ಅಳೆದಳು, ಕಿಟಕಿ ಅಳೆದಳು. ಕೊನೆಗೆ ಎಲ್ಲ ಮನೆಗಳಲ್ಲೂ ಕೇಳುವ ಪ್ರಶ್ನೆ ಕೇಳಿದಳು.

"ಅಡುಗೆ ಮಾಡೋರು ಯಾರು? ಅವರ ಮೊಣಕೈ ಎತ್ತರ ಗೊತ್ತಾಗಬೇಕು. ಕಟ್ಟೆ ಅದಕ್ಕಿಂತ ಅರ್ಧ ಗೇಣು ಕೆಳಗಿದ್ರೆ ಭುಜ ನೋಯಲ್ಲ."

"ಮನೆಯವರೇ ಮಾಡೋದು. ನನ್ನನ್ನ ಒಲೆ ಹತ್ರ ಸೇರಿಸಲ್ಲ." ಅವನು ತನ್ನ ಭುಜದ ಹತ್ತಿರ ಅಂಗೈ ಇಟ್ಟು ತೋರಿಸಿದ. "ಇಷ್ಟು ಎತ್ತರ ಇದಾರೆ. ಮೊಣಕೈ ಅಂದ್ರೆ... ಇಲ್ಲಿಗೆ ಬರುತ್ತೆ."

ಅಷ್ಟು ಸರಿಯಾಗಿ ಗೊತ್ತು. ಎಷ್ಟು ಸಲ ಪಕ್ಕದಲ್ಲಿ ನಿಂತಿರಬೇಕು... ಅವಳು ಟೇಪಿನ ಅಂಕಿ ನೋಡಿ ಬರೆದುಕೊಂಡಳು.

"ಅವರನ್ನೇ ಒಂದ್ಸಲ ನೋಡಬಹುದಿತ್ತು."

"ಮಂಡಿ ಆಪರೇಷನ್ ಆಗಿದೆ. ತಂಗಿ ಮನೇಲಿದಾರೆ. ನಡೆದಾಡೋ ಹಾಗಾದ ಮೇಲೆ ಬರ್ತಾರೆ."

ಇಷ್ಟು ಚಿಕ್ಕ ವಯಸ್ಸಿಗೇ ಮಂಡಿ ಆಪರೇಷನ್ನೇ? ಪಾಪ, ಎಲ್ಲೋ ಬಿದ್ದಿರಬೇಕು. ಕಾಣದ ಆ ಹೆಂಗಸಿನ ಮೇಲೆ ಅವಳಿಗೆ ಕನಿಕರ ಹುಟ್ಟಿತು. ಅದರ ಹಿಂದೆಯೇ ಹೊಟ್ಟೆಕಿಚ್ಚು. ಅದರ ಹಿಂದೆಯೇ ನಾಚಿಕೆ.

"ನೆಲಕ್ಕೆ ಕಪ್ಪು ಕಲ್ಲೇ ಬೇಕಂತೆ ಅವರಿಗೆ," ಎಂದ.

"ಹೇಳಿಬಿಡ್ತೀನಿ, ಕಪ್ಪು ನೆಲದ ಮೇಲೆ ಹಿಟ್ಟು, ಉಪ್ಪು, ಒಣಗಿದ ನೀರಿನ ಹನಿ, ಎಲ್ಲ ಕಾಣುತ್ತೆ. ಏನೂ ಮುಚ್ಚಿಡೋಕೆ ಆಗಲ್ಲ."

"ಮುಚ್ಚಿಡೋಕೆ ಆಗದೇ ಇರೋದೇ ಒಳ್ಳೇದಲ್ವಾ ಮೇಡಂ?"

ಅವನು ನೆಲದ ಬಗ್ಗೆಯೇ ಹೇಳಿದ್ದು. ಆದರೂ ಅವಳು ತಲೆ ಎತ್ತಲಿಲ್ಲ.

* * *

ಕಪ್ಪು ನೆಲ ಮೊದಲು ಮುಗಿಯಿತು. ಆಮೇಲೆ ಗೋಡೆಯ ಕಲ್ಲು ಬಂತು. ಜೇನಿನ ಬಣ್ಣ, ನಡುನಡುವೆ ತುಕ್ಕಿನ ಬಣ್ಣದ ಗೆರೆಗಳು. ಹುಳಿಗೂ ಎಣ್ಣೆಗೂ ಜಗ್ಗದ ಜಾತಿ.

ಗಣಿಯಿಂದ ಬಂದ ಕಲ್ಲನ್ನು ತಂದ ಹಾಗೆಯೇ ಗೋಡೆಗೆ ಹಚ್ಚುವುದಿಲ್ಲ. ಮೊದಲು ಕೆಳಗೆ ಹಾಸಿ, ಒಂದರ ಗೆರೆ ಇನ್ನೊಂದರಲ್ಲಿ ಮುಂದುವರಿಯುವಂತೆ ಜೋಡಿಸಿ ನೋಡಬೇಕು. ಸಾಮಾನ್ಯವಾಗಿ ಅದು ಅವಳೂ ಮೇಸ್ತ್ರಿಯೂ ಮಾಡುವ ಕೆಲಸ. ಅವತ್ತು ಮೇಸ್ತ್ರಿ ಊಟಕ್ಕೆ ಹೋಗಿದ್ದರು.

ಅವಳೂ ಅವನೂ ಕಪ್ಪು ನೆಲದ ಮೇಲೆ ಎದುರುಬದುರು ಕುಳಿತರು.

"ಇದು ಇಲ್ಲಿಗೆ ಸೇರಲ್ಲ," ಎಂದಳು.

"ತಿರುಗಿಸಿ ನೋಡೋಣ."

ಅವನು ಕಲ್ಲನ್ನು ತಲೆಕೆಳಗು ಮಾಡಿ ಇಟ್ಟ. ಗೆರೆ ಸರಕ್ಕನೆ ಕೂಡಿಕೊಂಡಿತು. ಆ ಗೆರೆಯ ಮೇಲೆ ಇಬ್ಬರ ಬೆರಳೂ ಒಟ್ಟಿಗೆ ಬಂದು ನಿಂತವು. ಯಾರೂ ತೆಗೆಯಲಿಲ್ಲ.

ಹೊರಗೆ ಯಾವುದೋ ಗಾಡಿ ಹೋಯಿತು. ಪಕ್ಕದ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು. ಅವನ ಉಸಿರು ಕೇಳುವಷ್ಟು ಹತ್ತಿರ ಕುಳಿತು, ಅವಳು ಇಲ್ಲದ ಒಂದು ಸಂಸಾರವನ್ನು ಮನಸ್ಸಿನಲ್ಲೇ ಹೂಡಿಬಿಟ್ಟಳು. ಬೆಳಿಗ್ಗೆ ಈ ಕಿಟಕಿಯಿಂದ ಬಿಸಿಲು ಕಲ್ಲಿನ ಮೇಲೆ ಬೀಳುತ್ತದೆ. ಅವನು ಕಟ್ಟೆಗೆ ಒರಗಿ ನಿಂತು ಚಹಾ ಕುಡಿಯುತ್ತಾನೆ. ಅವಳು ಒಲೆಯ ಮುಂದೆ...

ಅಲ್ಲ. ಒಲೆಯ ಮುಂದೆ ನಿಲ್ಲುವವಳು ಬೇರೆ. ಅವಳ ಅಳತೆಗೇ ಅಲ್ಲವೇ ಕಟ್ಟೆ ಕಟ್ಟಿಸಿದ್ದು?

"ಗೋಡೆಗೆ ಹಚ್ಚಿದ ಮೇಲೆ ಬದಲಾಯಿಸೋಕೆ ಆಗಲ್ಲ ಅಲ್ವಾ?" ಅವನು ಮೆಲ್ಲಗೆ ಕೇಳಿದ.

"ಆಗಲ್ಲ. ಒಡೆದೇ ತೆಗೀಬೇಕು."

"ಒಡೆಯೋದು ತಪ್ಪು."

"ಹೌದು... ತಪ್ಪು."

ಕಟ್ಟೆಯ ಮೇಲಿದ್ದ ಅವಳ ಫೋನು ಬೆಳಗಿತು. ಪರದೆಯ ಮೇಲೆ 'ಯಜಮಾನರು' ಎಂದು ಬರೆದದ್ದು ಅವನಿಗೂ ಕಾಣಿಸಿತು. ಅವನು ಕೈ ಹಿಂದಕ್ಕೆ ತೆಗೆದುಕೊಂಡು ಎದ್ದು ನಿಂತ.

"ಹೋಗಿ ಮೇಡಂ. ಕಾಯ್ತಿರ್ತಾರೆ."

ಅವಳು ಹೋದಳು. ದಾರಿಯುದ್ದಕ್ಕೂ ಬೆರಳನ್ನು ಇನ್ನೊಂದು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡಿದ್ದಳು.

ಮಾರನೆಯ ದಿನವೇ ಯಜಮಾನರ ಮುಂದೆ ನಿಂತಳು. "ಆ ಮನೆ ಕೆಲಸ ಬೇರೆ ಯಾರಿಗಾದ್ರೂ ಕೊಡಿ."

"ಗಂಡಿನ ಕಡೆ ದಿಬ್ಬಣ ಬಾಗಿಲಿಗೆ ಬಂದಾಗ ಹೆಣ್ಣು ಒಲ್ಲೆ ಅಂದ ಹಾಗಾಯ್ತು," ಎಂದು ಅವರು ಗದರಿದರು. "ಏನಾಯ್ತು? ಗಿರಾಕಿ ಏನಾದ್ರೂ ಅಂದ್ನಾ?"

"ಏನೂ ಅನ್ನಲಿಲ್ಲ."

ಅದೇ ನೋವು. ಅವನು ಏನೂ ಅನ್ನಲಿಲ್ಲ, ಅನ್ನಲೂಬಾರದು. ಆದರೂ ಫೋನು ಸದ್ದು ಮಾಡಿದಾಗಲೆಲ್ಲ ಅವನೇ ಇರಬಹುದೆಂದು ಓಡಿ ಹೋಗಿ ನೋಡುತ್ತಿದ್ದಳು. ಬೇರೆಯವರ ಮನೆಯ ನಕ್ಷೆ ಬರೆಯುವಾಗ ಕೈ ತಾನಾಗಿ ಆ ಕಿಟಕಿಯನ್ನೇ ಬರೆಯುತ್ತಿತ್ತು. ಕನ್ನಡಕದವರನ್ನು ಕಂಡರೆ, ಇವರಿಗೆ ಅವನೇ ಕೊಟ್ಟಿರಬಹುದೇ ಎನ್ನಿಸುತ್ತಿತ್ತು. ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುತ್ತು ಬಾಯಲ್ಲಿಟ್ಟುಕೊಂಡ ಹಾಗೆ ದಿನ ಕಳೆದಳು.

* * *

ಮೇಸ್ತ್ರಿ ಫೋನು ಮಾಡಿದರು. "ಕೆಲಸ ಮುಗೀತು ಮೇಡಂ. ಅವರ ಮನೆಯವರು ಬಂದಿದಾರೆ. ಕಟ್ಟೆ ಎತ್ತರ ಇಟ್ಟವರನ್ನ ನೋಡಲೇಬೇಕು ಅಂತ ಕೂತಿದಾರೆ. ಒಂದ್ಸಲ ಬಂದು ಹೋಗಿ."

ಹೋಗಲೇಬೇಕು ಎಂದುಕೊಂಡಳು. ಅವನ ಹೆಂಡತಿಯನ್ನು ಕಣ್ಣಾರೆ ನೋಡಿದರೆ ಈ ಹುಚ್ಚು ಬಿಟ್ಟುಹೋದೀತು. ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡಳು. ಯಾಕೆಂದು ತನ್ನನ್ನೇ ಕೇಳಿಕೊಳ್ಳಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ಒಂದು ಕ್ಷಣ ಕಣ್ಣು ಮುಚ್ಚಿ, ತೆರೆದಳು.

ಕಪ್ಪು ನೆಲದ ಮೇಲೆ ಊರುಗೋಲು ಊರಿಕೊಂಡು ಗುಂಡಗಿನ, ಗಿಡ್ಡನೆಯ ಮುದುಕರೊಬ್ಬರು ನಿಂತಿದ್ದರು. ಬೋಳು ತಲೆ, ಪೊದೆ ಮೀಸೆ. ಒಲೆಯ ಮೇಲೆ ಏನೋ ಕುದಿಯುತ್ತಿತ್ತು.

"ಬಾಮ್ಮ, ನೀನೇ ತಾನೇ ಡಿಸೈನರು? ನನ್ನನ್ನ ನೋಡ್ದೇನೇ ಇಷ್ಟು ಸರಿಯಾಗಿ ಹೇಗೆ ಕಟ್ಟಿಸ್ದೆ? ಭುಜ ಒಂಚೂರೂ ನೋಯ್ತಿಲ್ಲ ನೋಡು."

"ನೀವು...?"

"ಈ ಮನೆ ಹುಡುಗನ ಅಪ್ಪ."

"ಸರ್ ಅವರ... ಮನೆಯವರು ಎಲ್ಲಿ?"

"ನಾನೇ." ಮುದುಕರು ಸೌಟಿನಿಂದ ತಮ್ಮ ಎದೆಯನ್ನೇ ತೋರಿಸಿಕೊಂಡರು. "ಅವನಮ್ಮ ಇದ್ದಾಗ ಯಾರು ಏನು ಕೇಳಿದ್ರೂ, ಮನೆಯವರನ್ನ ಕೇಳಿ ಹೇಳ್ತೀನಿ ಅಂತಿದ್ದೆ. ಅವಳು ಹೋದ ಮೇಲೆ ಒಲೆ ನನ್ನ ಪಾಲಿಗೆ ಬಂತು. ಈಗ ನನ್ನನ್ನೇ ಮನೆಯವರು ಅಂತಾನೆ ಮಗ. ನಮ್ಮನೆ ತಮಾಷೆ ಅದು."

ಅವಳು ಕಟ್ಟೆ ಹಿಡಿದುಕೊಂಡಳು. ಇಷ್ಟು ದಿನ ಹೊಟ್ಟೆ ಉರಿದುಕೊಂಡದ್ದು ಈ ಮೀಸೆಯ ಮೇಲೆಯೇ? ನಗು ಬಂತು. ನಗುತ್ತಾ ನಗುತ್ತಾ ಕಣ್ಣೀರೂ ಬಂದುಬಿಟ್ಟಿತು.

"ಅಯ್ಯೋ, ಯಾಕಮ್ಮ ಅಳ್ತೀಯಾ? ಕಟ್ಟೆ ಚೆನ್ನಾಗಿದೆ ಅಂದೆನಲ್ಲ."

"ಸರ್‌ಗೆ ಮದುವೆ ಆಗಿದೆ ಅಂದ್ಕೊಂಡಿದ್ದೆ ನಾನು."

"ಆಗಿದ್ರೆ ನಿನಗೇನು?"

ಅವಳು ಅಂಗೈಯಿಂದ ಕಣ್ಣು ಒರೆಸಿಕೊಂಡಳು. ಮುದುಕರು ಒಲೆ ಸಣ್ಣಗೆ ಮಾಡಿ ಅವಳ ಮುಖವನ್ನು ಚೆನ್ನಾಗಿ ನೋಡಿದರು. ಅರ್ಥವಾಗಿ ಮುಖ ಅರಳಿತು. ಮರುಗಳಿಗೆಯೇ ಬಾಡಿತು.

"ಆದ್ರೆ ನಿನಗೆ ಯಜಮಾನ್ರು ಇದಾರಲ್ಲಮ್ಮ. ನನ್ನ ಮಗ ತಟ್ಟೆ ಮುಂದೆ ಸುಮ್ನೆ ಕೂತಿರ್ತಾನೆ. ಕೇಳಿದ್ರೆ, ಅವರಿಗೆ ಯಜಮಾನ್ರು ಇದಾರಪ್ಪ, ಆ ಮಾತು ಬಿಡು ಅಂತಾನೆ."

"ಅವರು ಅಂಗಡಿ ಯಜಮಾನ್ರು."

ಮುದುಕರಿಗೆ ತಿಳಿಯಲು ಒಂದು ಕ್ಷಣ ಹಿಡಿಯಿತು. ಆಮೇಲೆ ನಕ್ಕರು ನೋಡಿ, ಊರುಗೋಲು ಜಾರಿ ಬಿತ್ತು.

"ಹೋಗು. ಅಂಗಡೀಲಿದಾನೆ. ಫೋನ್ ಮಾತ್ರ ಮಾಡಬೇಡ, ಅದರಲ್ಲೂ ಇನ್ನೇನಾದ್ರೂ ತಪ್ಪು ತಿಳ್ಕೊಂಡೀರಿ ಇಬ್ಬರೂ."

* * *

ಅವಳು ನೇರವಾಗಿ ಒಳಗೆ ಹೋಗಿ ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕುಳಿತಳು. ಗಾಜು ಒರೆಸುತ್ತಿದ್ದ ಅವನು ತಿರುಗಿ ನೋಡಿ ಹಾಗೆಯೇ ನಿಂತ. ಮುಖ ಇಳಿದುಹೋಗಿತ್ತು.

"ಮೇಡಂ... ಏನ್ ತೊಂದ್ರೆ ಕಣ್ಣಿಗೆ?"

"ಇಲ್ಲದವರೆಲ್ಲ ಕಾಣ್ತಾರೆ."

"ಅಂದ್ರೆ?"

"ನಿಮಗೊಬ್ಬ ಹೆಂಡತಿ ಕಾಣ್ತಿದ್ಲು. ಕಲ್ಲು ಜೋಡಿಸುವಾಗೆಲ್ಲ ನಮ್ಮಿಬ್ಬರ ಮಧ್ಯೆ ಕೂತಿರ್ತಿದ್ಲು. ಇವತ್ತು ಹೋಗಿ ನೋಡಿದ್ರೆ, ಅವಳಿಗೆ ಮೀಸೆ ಇದೆ."

ಅವನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. "ಆದ್ರೆ ನಿಮ್ಮ ಯಜಮಾನ್ರು..."

"ನನಗೆ ಸಂಬಳ ಕೊಡೋರು. ಮೊಮ್ಮಕ್ಕಳಿದಾರೆ ಅವರಿಗೆ."

ಅವನು ಎದುರಿನ ಸ್ಟೂಲಿನ ಮೇಲೆ ಕುಸಿದು ಕುಳಿತ.

"ಒಂದು ಮಾತು ಕೇಳಬಹುದಿತ್ತು ನೀವು," ಎಂದಳು ಅವಳು.

"ಭಯ ಆಯ್ತು. ಕೇಳಿ, ನೀವು ಹೌದು ಅಂದುಬಿಟ್ರೆ ಆಮೇಲೆ ನಿಮ್ಮ ಮುಖ ನೋಡೋದೂ ತಪ್ಪಾಗುತ್ತೆ. ಕೇಳದೇ ಇದ್ರೆ ಕೆಲಸ ಮುಗಿಯೋವರೆಗಾದ್ರೂ ನೋಡ್ತಾ ಇರಬಹುದು ಅನ್ಕೊಂಡೆ."

"ಕೆಲಸ ಮುಗೀಬಾರದು ಅಂತ ನಾನು ಒಳ್ಳೇ ಕಲ್ಲನ್ನೇ ಸರಿಯಿಲ್ಲ ಅಂತ ವಾಪಸ್ ಕಳಿಸಿದೀನಿ. ಮೇಸ್ತ್ರಿ ಇನ್ನೂ ಬೈಕೋತಿದಾರೆ."

ಅವನು ನಕ್ಕ. ನಗುವಾಗ ಅವನ ಕಣ್ಣೂ ತುಂಬಿತ್ತು.

"ನೀವು ಬರೋದು ನಿಂತ ಮೇಲೆ ಆ ಅಡುಗೆಮನೆಗೆ ಕಾಲಿಡೋಕೇ ಆಗ್ತಿರಲಿಲ್ಲ," ಎಂದ. "ಅಷ್ಟು ಚೆನ್ನಾಗಿದೆ, ನೀವಿಲ್ಲ... ನನಗೆ ನೀವು ಬೇಕು."

ಅವಳು ಹೌದೆಂದು ತಲೆಯಾಡಿಸಿದಳು. ಸಾಲದೇನೋ ಎಂದು ಮತ್ತೊಮ್ಮೆ ಆಡಿಸಿದಳು.

ಅವನು ಎದ್ದು ಅಂಗಡಿಯ ಬೀಗದ ಕೈ ಹುಡುಕಿಕೊಂಡ. "ಅಪ್ಪ ಕಾಯ್ತಿರ್ತಾರೆ. ಬನ್ನಿ, ಮನೆಗೆ ಹೋಗೋಣ."

ಅವಳು ಕುರ್ಚಿ ಬಿಟ್ಟು ಏಳಲಿಲ್ಲ.

"ಯಾಕೆ?"

"ಬನ್ನಿ ಅನ್ನೋದು ಗಿರಾಕಿಗೆ."

ಅವನ ಕಿವಿ ಕೆಂಪಾಯಿತು. ಬಾಗಿಲ ಕಡೆ ನೋಡಿದ, ನೆಲ ನೋಡಿದ, ಕೊನೆಗೆ ಅವಳನ್ನು ನೋಡಿದ.

"ಬಾ."

"ಇನ್ನೊಂದ್ಸಲ."

"ಬಾ..."

ಅವಳು ಎದ್ದಳು.